ಕಹಿಯಲ್ಲ ಸ್ವಾಮಿ, ಅದು ಒಗರು

ಗೆಳೆಯರೊಬ್ಬರ ಮನೆಯಲ್ಲಿ ಶಾತೊನಫ್ ದ್ಯು ಪಾಪ್ ವೈನ್ ತೆರೆದರು. ಬಾಟಲಿ ದಿನವಿಡೀ ಒಲೆ ಪಕ್ಕದಲ್ಲೇ ಇತ್ತು. ಗ್ಲಾಸಿನ ಕಂಠದವರೆಗೆ ಸುರಿದು, ಶರಬತ್ತು ಕುಡಿದ ಹಾಗೆ ಕುಡಿದು, 'ಥೂ, ಕಹಿ' ಅಂದರು. ನನ್ನ ಹೊಟ್ಟೆ ಉರಿಯಿತು.

ಇದು ದಕ್ಷಿಣ ಫ್ರಾನ್ಸ್‌ನ ರೋನ್ ಕಣಿವೆಯ ಕೆಂಪು ವೈನ್. 14ನೇ ಶತಮಾನದಲ್ಲಿ ಪೋಪ್‌ಗಳು ಪಕ್ಕದ ಅವಿನ್ಯಾನ್‌ನಲ್ಲಿದ್ದರು. ಅವರು ಕೋಟೆ ಕಟ್ಟಿಸಿದ ಊರಿನ ಹೆಸರೇ ವೈನ್‌ಗೂ. ಸಾಮಾನ್ಯವಾಗಿ ಗ್ರೆನಾಶ್ ದ್ರಾಕ್ಷಿ ಜಾಸ್ತಿ, ಜೊತೆಗೆ ಸಿರಾ, ಮೂರ್ವೆಡ್ರ. ಆಲ್ಕೋಹಾಲ್ ಶೇ 14–15 ಇರುವುದು ಮಾಮೂಲು.

ಮೊದಲು ತಂಪು. 'ರೂಮ್ ಟೆಂಪರೇಚರ್' ಅನ್ನುವುದು ಯುರೋಪಿನ ಹಳೇ ಮನೆಗಳ ಲೆಕ್ಕ, ನಮ್ಮ ಏಪ್ರಿಲ್‌ನದ್ದಲ್ಲ. 16–18 ಡಿಗ್ರಿ ಬೇಕು. ಫ್ರಿಜ್‌ನಲ್ಲಿ ಒಂದು–ಒಂದೂವರೆ ಗಂಟೆ ಇಟ್ಟು ತೆಗೆಯಿರಿ. ಬೆಚ್ಚಗಿದ್ದರೆ ಮೂಗಿಗೆ ಸ್ಪಿರಿಟ್ ಹೊಡೆಯುತ್ತದೆ, ಅಷ್ಟೇ. ಐಸ್ ಮಾತ್ರ ಹಾಕಬೇಡಿ.

ಕಾರ್ಕ್ ತೆಗೆದು ಜಗ್‌ಗೆ ಸುರಿದು ಒಂದು ಗಂಟೆ ಬಿಡಿ. ಗಾಳಿಯಾಡಿಸುವ ಬ್ಯಾಟರಿ ಯಂತ್ರಕ್ಕೆ ದುಡ್ಡು ದಂಡ. ನನ್ನದು ಡ್ರಾಯರ್‌ನಲ್ಲಿ ಧೂಳು ತಿನ್ನುತ್ತಿದೆ.

ಗ್ಲಾಸಿನ ಮೂರನೇ ಒಂದು ಭಾಗ ಸಾಕು. ಮೇಜಿನ ಮೇಲಿಟ್ಟೇ ತಿರುಗಿಸಿ, ಮೂಸಿ. ಹಣ್ಣಾದ ಸ್ಟ್ರಾಬೆರಿ, ಒಣ ಸೊಪ್ಪು, ಕಾಳುಮೆಣಸು. ಕೊನೆಯದ್ದು ಭ್ರಮೆಯಲ್ಲ: ನಮ್ಮ ಮೆಣಸಿಗೆ ಘಮ ಕೊಡುವ ರೊಟಂಡೋನ್ ಅನ್ನುವ ರಾಸಾಯನಿಕ ಸಿರಾ ದ್ರಾಕ್ಷಿಯಲ್ಲೂ ಇದೆ.

ಎಲ್ಲರೂ ಎಡವುವುದು ಬಾಯಲ್ಲಿ. ಒಂದು ಚಮಚದಷ್ಟು ಹೀರಿ. ನುಂಗಬೇಡಿ. ನಾಲಿಗೆ, ಕೆನ್ನೆ, ಒಸಡು ಎಲ್ಲ ಕಡೆ ಓಡಾಡಿಸಿ. ಬಿಸಿ ಕಾಫಿಯನ್ನು ಸೊರ್ ಅಂತ ಎಳೆಯುತ್ತೇವಲ್ವಾ, ಹಾಗೆ ತುಟಿ ಸಂದಿಯಿಂದ ಚೂರು ಗಾಳಿ ಎಳೆಯಿರಿ. ಮೊದಲ ಸಲ ಅಂಗಿ ಮೇಲೆ ಬೀಳುತ್ತದೆ, ಪರವಾಗಿಲ್ಲ. ಈಗ ನುಂಗಿ, ನಾಲಿಗೆಯನ್ನು ಹಲ್ಲಿನ ಮೇಲೆ ಸವರಿ. ಒಣಗಿದೆಯಾ? ಗೇರುಹಣ್ಣು ಕಚ್ಚಿದಾಗ ಒಸಡು ಹಿಡಿದುಕೊಳ್ಳುತ್ತದಲ್ಲ, ಅದೇ. ಕಹಿ ಹಾಗಲಕಾಯಿಯ ಹಾಗೆ ನಾಲಿಗೆಗೆ ತಿಳಿಯುವ ರುಚಿ. ಒಗರು ಬಾಯಿಯನ್ನೇ ಹಿಡಿಯುವ ಸ್ಪರ್ಶ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಅನ್ನುವ ಒಗರು ಅಂಶ ಇದಕ್ಕೆ ಕಾರಣ. ಒಳ್ಳೆಯ ಬಾಟಲಿಯಲ್ಲಿ ಹಿಡಿತ ಮಖಮಲ್ಲಿನಂತೆ, ಎಳೆಯದರಲ್ಲಿ ಗೋಣಿಚೀಲದಂತೆ.

ಎರಡನೇ ಗುಟುಕಿಗೆ ಮುಂಚೆ ಕೊಬ್ಬಿರುವ ಮಟನ್ ತುಂಡೊಂದು ತಿನ್ನಿ. ಒಗರು ಅರ್ಧ ಇಳಿದು ಹಣ್ಣು ಮೇಲೆ ಬರುತ್ತದೆ. ಖಾರದ ಸಾರು ಬೇಡ. ಆಲ್ಕೋಹಾಲ್ ಜೊತೆ ಸೇರಿ ಗಂಟಲು ಸುಡುತ್ತದೆ. ಉಪ್ಪು, ಕಾಳುಮೆಣಸು ಹಚ್ಚಿ ಹುರಿದಿದ್ದರೆ ಸಾಕು.