‘ಡೀಸೆಲ್ ಜಾಸ್ತಿ ಆಗಿದೆ ಸಾರ್’: ಟೊಮೆಟೊ ಲೆಕ್ಕ ನೀವೇ ಹಾಕಿ ನೋಡಿ

ತಳ್ಳುಗಾಡಿ ಮುಂದೆ ನಿಂತು ‘ಏನಪ್ಪಾ ಇಷ್ಟು ರೇಟು?’ ಅಂದರೆ ಬರುವ ಉತ್ತರ ಒಂದೇ: ‘ಡೀಸೆಲ್ ಜಾಸ್ತಿ ಆಗಿದೆ ಸಾರ್.’ ಎಷ್ಟು ನಿಜ? ಒಂದು ಚೀಟಿ, ಪೆನ್ನು ತಗೊಳ್ಳಿ.

ಮೊದಲು ಕೋಲಾರ ಎಪಿಎಂಸಿಯ ದರ ಬರೆದುಕೊಳ್ಳಿ. ಅಲ್ಲಿ ಹರಾಜು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. ಹದಿನೈದರಿಂದ ಭಾಗಿಸಿ.

ಈಗ ಡೀಸೆಲ್. ಕೋಲಾರದಿಂದ ಬೆಂಗಳೂರಿನ ಕಲಾಸಿಪಾಳ್ಯ ತರಕಾರಿ ಮಾರ್ಕೆಟ್‌ಗೆ ಸುಮಾರು 70 ಕಿ.ಮೀ., ಹೋಗಿ ಬರಲು 140. ಸಣ್ಣ ಗೂಡ್ಸ್ ಗಾಡಿ ಲೀಟರಿಗೆ 14 ಕಿ.ಮೀ. ಕೊಟ್ಟರೆ 10 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಅಂತಿಟ್ಟುಕೊಳ್ಳಿ, 900 ಆಯಿತು. ಗಾಡಿಯಲ್ಲಿ 50 ಬಾಕ್ಸ್, ಅಂದರೆ 750 ಕೆಜಿ. ಕೆಜಿಗೆ 1 ರೂಪಾಯಿ 20 ಪೈಸೆ, ಅಷ್ಟೇ! ಡೀಸೆಲ್ 5 ರೂಪಾಯಿ ಏರಿದರೂ ಕೆಜಿ ಮೇಲೆ ಬೀಳುವುದು ಏಳು ಪೈಸೆಗಿಂತ ಕಮ್ಮಿ. ನಾಸಿಕ್‌ನಿಂದ ಬರುವ ಈರುಳ್ಳಿಗೆ ಈ ಬಿಸಿ ಜಾಸ್ತಿ ತಟ್ಟುತ್ತದೆ, ಒಪ್ಪೋಣ. ಆದರೆ 2023ರ ಜುಲೈನಲ್ಲಿ ಟೊಮೆಟೊ ನೂರು ದಾಟಿದಾಗ ಡೀಸೆಲ್ ಬೆಲೆ ತಿಂಗಳುಗಟ್ಟಲೆ ಕದಲದೆ 88ರ ಆಸುಪಾಸಿನಲ್ಲೇ ನಿಂತಿತ್ತು. ಹೊಲದಲ್ಲಿ ಹಣ್ಣೇ ಇರಲಿಲ್ಲ.

ಹಾಗಾದರೆ ಚೀಟಿಯಲ್ಲಿ ಮುಂದಿನ ಸಾಲು ನೀರು. ಇದನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟ. 10 ಎಚ್‌ಪಿ ತನಕದ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ, ಹಾಗಾಗಿ ರೈತನಿಗೆ ಬಿಲ್ಲು ಬರುವುದಿಲ್ಲ. ಆದರೆ ಕೋಲಾರದ ಕಡೆ ಸಾವಿರ ಅಡಿ ಕೊರೆದರೂ ಬೋರ್‌ನಲ್ಲಿ ಬರೀ ಧೂಳು ಬರುವುದುಂಟು. ಕೊರೆಸಿದ ಸಾಲ, ಕೇಸಿಂಗ್ ಪೈಪು, ಸುಟ್ಟ ಮೋಟರ್ ರಿವೈಂಡಿಂಗ್ ಎಲ್ಲ ರೈತನ ತಲೆಗೆ. ಬೋರು ಕೈಕೊಟ್ಟ ವರ್ಷ ಅವನು ಅರ್ಧ ಎಕರೆ ಮಾತ್ರ ನಾಟಿ ಮಾಡುತ್ತಾನೆ. ಮೂರು ತಿಂಗಳಾದ ಮೇಲೆ ನಿಮ್ಮ ಬೀದಿಯ ಗಾಡಿಯಲ್ಲಿ ರೇಟು ಏರುತ್ತದೆ. ಗೊಬ್ಬರದ ಸಾಲು ಸಣ್ಣದು: ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ, ಅನಿಲ ದುಬಾರಿಯಾದರೂ ಮೂಟೆ ಬೆಲೆಯನ್ನು ಸರ್ಕಾರ ಸಬ್ಸಿಡಿ ಕೊಟ್ಟು ಹಿಡಿದಿಟ್ಟಿದೆ.

ಇಂಧನದ ಏಟು ನೇರವಾಗಿ ಕಾಣಬೇಕಾ? ದರ್ಶಿನಿಗೆ ಹೋಗಿ. ಅಲ್ಲಿ ಉರಿಯುವುದು 19 ಕೆಜಿ ಕಮರ್ಷಿಯಲ್ ಸಿಲಿಂಡರ್, ಅದರ ದರ ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಖು ಬದಲಾಗುತ್ತದೆ. ಅದನ್ನೂ ಇಡ್ಲಿ ರೇಟನ್ನೂ ಅಕ್ಕಪಕ್ಕ ಬರೆಯುತ್ತಾ ಹೋಗಿ. ನಮ್ಮ ಬೀದಿಯ ದರ್ಶಿನಿ ಬೋರ್ಡಿನಲ್ಲಿ ಇಡ್ಲಿ ರೇಟಿನ ಮೇಲೆ ಸ್ಟಿಕ್ಕರ್, ಅದರ ಮೇಲೆ ಇನ್ನೊಂದು ಸ್ಟಿಕ್ಕರ್. ಸಿಲಿಂಡರ್ ದರ ಇಳಿದ ತಿಂಗಳು ಯಾರೂ ಒಂದನ್ನೂ ಕೀಳಲಿಲ್ಲ.