ತಾಣಗಳಿಗೆ ಕನ್ನಡದ ವಿಳಾಸ: ಲಾರಾವೆಲ್‌ನಲ್ಲಿ ರೂಟ್ ಬರೆಯುವ ಕ್ರಮ

ಹಾಸನ ಜಿಲ್ಲೆಯ ಪ್ರೇಕ್ಷಣೀಯ ಸ್ಥಳಗಳನ್ನು ಪರಿಚಯಿಸುವ ಜಾಲತಾಣವೊಂದನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲಾರಾವೆಲ್ ಚೌಕಟ್ಟಿನಲ್ಲಿ ಕಟ್ಟುತ್ತಿದ್ದೇವೆ ಎಂದುಕೊಳ್ಳೋಣ. ‘ತಾಣ/ಬೇಲೂರು’ ಎಂಬ ವಿಳಾಸಕ್ಕೆ ಬೇಲೂರಿನ ಪುಟ, ‘ತಾಣ/ಸಕಲೇಶಪುರ’ ಎಂಬುದಕ್ಕೆ ಸಕಲೇಶಪುರದ ಪುಟ ತೆರೆಯಬೇಕು. ಯಾವ ವಿಳಾಸಕ್ಕೆ ಯಾವ ಕೋಡ್ ಉತ್ತರಿಸಬೇಕೆಂದು ಗೊತ್ತುಪಡಿಸುವ ಸಾಲೇ ರೂಟ್.

ಮೊದಲು ‘ರೂಟ್ಸ್’ ಫೋಲ್ಡರಿನಲ್ಲಿರುವ ‘ವೆಬ್’ ಎಂಬ ಪಿಎಚ್‌ಪಿ ಕಡತವನ್ನು ತೆರೆಯಿರಿ. ‘ರೂಟ್’ ಎಂಬ ಪದದ ಮುಂದೆ ಎರಡು ಕೋಲನ್ ಇಟ್ಟು ‘ಗೆಟ್’ ಎಂದು ಬರೆದು, ಆವರಣದೊಳಗೆ ಮೊದಲು ವಿಳಾಸವನ್ನೂ ಬಳಿಕ ಉತ್ತರಿಸಬೇಕಾದ ಕಂಟ್ರೋಲರ್ (ಕೋರಿಕೆಗಳನ್ನು ನಿಭಾಯಿಸುವ ಕೋಡ್ ಘಟಕ) ಹಾಗೂ ಅದರ ಮೆಥಡ್ (ಅದರೊಳಗಿನ ಒಂದು ಕಾರ್ಯ) ಹೆಸರನ್ನೂ ಕೊಡಬೇಕು. ಪುಟ ತೋರಿಸಲು ‘ಗೆಟ್’, ಫಾರ್ಮ್ ಸಲ್ಲಿಸಲು ‘ಪೋಸ್ಟ್’. ‘ಪೋಸ್ಟ್’ ಮಾತ್ರ ಒಪ್ಪುವ ವಿಳಾಸವನ್ನು ಬ್ರೌಸರಿನಲ್ಲಿ ನೇರವಾಗಿ ತೆರೆದರೆ 405 (ಈ ವಿಧಾನಕ್ಕೆ ಅನುಮತಿಯಿಲ್ಲ) ಎಂಬ ದೋಷ ಬರುತ್ತದೆ. ಫಾರ್ಮಿನಲ್ಲಿ ಸುರಕ್ಷತಾ ಟೋಕನ್ (ಫಾರ್ಮ್ ನಮ್ಮದೇ ತಾಣದ್ದೆಂದು ತೋರಿಸುವ ಗುಪ್ತ ಸಂಕೇತ) ಮರೆತರೆ 419 ಎಂಬ ದೋಷ.

ಪ್ರತಿ ಊರಿಗೂ ಒಂದೊಂದು ಸಾಲು ಬರೆಯುವ ಅಗತ್ಯವಿಲ್ಲ. ‘ತಾಣ/’ ಎಂಬುದರ ಮುಂದೆ ಪುಷ್ಪಾವರಣದಲ್ಲಿ ಒಂದು ಪ್ಯಾರಾಮೀಟರ್ (ವಿಳಾಸದ ಬದಲಾಗುವ ಭಾಗ) ಹೆಸರನ್ನಿಟ್ಟರೆ ಅಲ್ಲಿ ಬಂದ ಊರಿನ ಹೆಸರು ಮೆಥಡ್‌ಗೆ ತಲುಪುತ್ತದೆ. ವಿಳಾಸ ಕನ್ನಡದಲ್ಲಿದ್ದರೂ ಈ ಪ್ಯಾರಾಮೀಟರ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಡುವುದೇ ಕ್ಷೇಮ.

ಸಾಲುಗಳ ಅನುಕ್ರಮಕ್ಕೂ ಬೆಲೆಯಿದೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳಿಗಾಗಿ ‘ತಾಣ/ಪರಂಪರೆ’ ಎಂಬ ಪ್ರತ್ಯೇಕ ಪುಟ ಮಾಡಿ, ಅದರ ರೂಟನ್ನು ಪ್ಯಾರಾಮೀಟರ್ ಇರುವ ಸಾಲಿನ ಕೆಳಗೆ ಬರೆದಿರೆನ್ನಿ. ಲಾರಾವೆಲ್ ಮೇಲಿನಿಂದ ಹೊಂದಿಸುತ್ತ ಬರುವುದರಿಂದ ‘ಪರಂಪರೆ’ಯನ್ನೇ ಊರೆಂದು ತಿಳಿದು ಹುಡುಕಲು ಹೋಗುತ್ತದೆ. ನಿಶ್ಚಿತ ವಿಳಾಸ ಮೇಲೆ, ಪ್ಯಾರಾಮೀಟರ್ ಕೆಳಗೆ ಇರಲಿ.

ಕನ್ನಡದವರು ಹೆಚ್ಚಾಗಿ ಎಡವುವುದು ಪ್ಯಾರಾಮೀಟರಿನಲ್ಲಿ ಏನು ಬರಬಹುದೆಂಬ ನಿರ್ಬಂಧದ ಹಂತದಲ್ಲಿ. ಅಕ್ಷರಗಳನ್ನು ಮಾತ್ರ ಒಪ್ಪಲೆಂದು ‘ವೇರ್‌ಆಲ್ಫಾ’ ಸೇರಿಸಿದರೆ ಬೇಲೂರಿನ ಪುಟಕ್ಕೂ 404 (ಪುಟ ಸಿಗಲಿಲ್ಲ) ಬರುತ್ತದೆ, ಏಕೆಂದರೆ ಅದು ಬಲ್ಲದ್ದು ಇಂಗ್ಲಿಷಿನ 26 ಅಕ್ಷರಗಳನ್ನಷ್ಟೆ. ಬದಲಿಗೆ ‘ವೇರ್’ ಬಳಸಿ ಯೂನಿಕೋಡ್ (ಎಲ್ಲ ಭಾಷೆಗಳ ಲಿಪಿಗಳಿಗೂ ಸಂಕೇತ ಕೊಡುವ ಮಾನದಂಡ) ವರ್ಗಗಳನ್ನು ಹೇಳಬೇಕು: ಹಿಂದೋರೆ ಗೆರೆ (ಬ್ಯಾಕ್‌ಸ್ಲ್ಯಾಶ್), ಚಿಕ್ಕ ‘ಪಿ’, ಪುಷ್ಪಾವರಣದಲ್ಲಿ ದೊಡ್ಡ ‘ಎಲ್’ ಎಂದರೆ ಅಕ್ಷರ, ‘ಎಲ್’ ಬದಲು ದೊಡ್ಡ ‘ಎಂ’ ಇಟ್ಟರೆ ಅಕ್ಷರಕ್ಕೆ ಹತ್ತುವ ಚಿಹ್ನೆ. ಎರಡನ್ನೂ ಚೌಕ ಆವರಣದೊಳಗೆ ಒಟ್ಟಿಗೆ ಬರೆದು ಕೊನೆಗೆ ಕೂಡಿಸುವ ಚಿಹ್ನೆ ಹಾಕಬೇಕು. ಕನ್ನಡದ ದೀರ್ಘ, ಕೊಂಬು, ಏತ್ವಗಳು ಯೂನಿಕೋಡ್‌ನಲ್ಲಿ ಅಕ್ಷರಗಳಲ್ಲ, ಚಿಹ್ನೆಗಳು; ಆದ್ದರಿಂದ ಮೊದಲ ವರ್ಗವನ್ನಷ್ಟೇ ಕೊಟ್ಟರೆ ‘ಹಾಸನ’ವೂ ‘ಹ’ಕಾರದ ದೀರ್ಘದಲ್ಲೇ ನಿಂತುಬಿಡುತ್ತದೆ.

ಇಂತಹ ವಿಳಾಸವನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಅದು ಶೇಕಡಾ ಚಿಹ್ನೆಗಳ ಸಾಲಾಗಿ ಕಾಣಿಸುವುದುಂಟು. ‘ಹಾಸನ’ ಎಂಬುದರಲ್ಲಿ 4 ಯೂನಿಕೋಡ್ ಸಂಕೇತಗಳಿವೆ. ಪ್ರತಿಯೊಂದಕ್ಕೂ 3 ಬೈಟ್, ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಒಟ್ಟು 36. ಇದು ದೋಷವಲ್ಲ, ಲಾರಾವೆಲ್ ಅದನ್ನು ಮತ್ತೆ ಕನ್ನಡಕ್ಕೆ ಬಿಡಿಸಿಕೊಂಡೇ ಹೊಂದಿಸುತ್ತದೆ. ಓದುಗರ ಕಣ್ಣಿಗೆ ಊರಿನ ಹೆಸರು ಕನ್ನಡದಲ್ಲಿ ಕಾಣುವುದಾದರೆ ಈ ಉದ್ದವನ್ನು ಸಹಿಸಬಹುದೆಂದು ನನ್ನ ಅಭಿಪ್ರಾಯ.

ಪ್ರತಿ ರೂಟಿಗೂ ‘ನೇಮ್’ ಮೂಲಕ ಒಂದು ಹೆಸರು ಕೊಟ್ಟು, ಪುಟಗಳೊಳಗಿನ ಕೊಂಡಿಗಳನ್ನು ಆ ಹೆಸರಿನಿಂದಲೇ ರಚಿಸಿ. ಮುಂದೆ ‘ತಾಣ’ವನ್ನು ‘ಪ್ರವಾಸ’ವೆಂದು ಬದಲಿಸಿದರೂ ಆ ರೂಟ್ ಸಾಲುಗಳನ್ನಷ್ಟೇ ತಿದ್ದಿದರೆ ಸಾಕು, ಕೊಂಡಿಗಳನ್ನಲ್ಲ.

ಕಡೆಯಲ್ಲಿ ಟರ್ಮಿನಲ್‌ನಲ್ಲಿ ಲಾರಾವೆಲ್‌ನ ಆದೇಶ ಸಾಧನವಾದ ಆರ್ಟಿಸನ್‌ನ ‘ರೂಟ್ ಲಿಸ್ಟ್’ ಆದೇಶ ಕೊಟ್ಟು ಪಟ್ಟಿಯನ್ನು ಪರೀಕ್ಷಿಸಿ. ಸರ್ವರಿನಲ್ಲಿ ‘ರೂಟ್ ಕ್ಯಾಶ್’ ಮಾಡಿದ್ದರೆ (ರೂಟುಗಳ ಸಿದ್ಧ ಪ್ರತಿ ಉಳಿಸಿಟ್ಟಿದ್ದರೆ), ಅದನ್ನು ತೆರವುಗೊಳಿಸುವ ಅಥವಾ ಮತ್ತೆ ಮಾಡುವ ತನಕ ಹೊಸ ಸಾಲುಗಳು ಜಾರಿಗೆ ಬರುವುದಿಲ್ಲ.