ಟ್ಯಾಂಕ್ ನೀರಿನ ಡ್ರಿಪ್, ಕೊನೇ ಗಿಡಕ್ಕೂ ನೀರು ಮುಟ್ಟಿಸಿದ್ದು ಹೀಗೆ

ಚಿತ್ರದುರ್ಗದ ನಮ್ಮನೆ ಹಿತ್ತಲಿಗೆ, ಪೈಪಲ್ಲಿ ಬಿಟ್ರೆ ಅರ್ಧ ನೀರು ಹರಿದು ಹೋಗುತ್ತೆ ಅಂತ ಮಾಳಿಗೆ ಟ್ಯಾಂಕಿಂದ ಡ್ರಿಪ್ ಎಳೆದಿದ್ದೆ, 22 ಗಿಡ. ಮೊದಲಿನ ಏಳೆಂಟಕ್ಕೆ ಚೆನ್ನಾಗಿ ಬೀಳೋದು, ಕೊನೇ ನಿಂಬೆ, ಕರಿಬೇವು ಒಣಗೋವು.

ಡ್ರಿಪ್ಪರ್‌ಗೆ (ಪೈಪಿಂದ ಹನಿ ಬಿಡೋ ಬಿರಡೆ) ಸೂಜಿ ಹಾಕಿ ಚುಚ್ಚಿದೆ, ಎರಡು ದಿನ ಸರಿ ಆಮೇಲೆ ಮತ್ತದೇ. ಹೆಚ್ಚು ಹೊತ್ತು ಬಿಟ್ರೆ ಮೊದಲಿನ ಗಿಡಗಳ ಬುಡದಲ್ಲಿ ಕೆಸರು ಅಷ್ಟೇ. ಹೊಸ ಡ್ರಿಪ್ಪರ್ ತಂದಿದ್ದೂ ದಂಡ.

ಅಸಲಿ ವಿಷ್ಯ ಪ್ರೆಶರ್ದು. ಟ್ಯಾಂಕ್ 10 ಮೀಟರ್ ಎತ್ತರ ಇದ್ರೆ ಸುಮಾರು 1 ಬಾರ್ (ಪ್ರೆಶರ್ ಅಳತೆ), ನಮ್ದು 4 ಮೀಟರ್ ಅಂದ್ರೆ 0.4 ಬಾರ್, ನಾನು ಹಾಕಿದ್ದು ಒಳಗೆ ರಬ್ಬರ್ ಇರೋ ಪಿಸಿ ಡ್ರಿಪ್ಪರ್, ಅಂದ್ರೆ ಪ್ರೆಶರ್ ಹೆಚ್ಚು ಕಮ್ಮಿ ಆದ್ರೂ ಒಂದೇ ಸಮ ನೀರು ಬಿಡೋದು, ಅದಕ್ಕೆ ಇಷ್ಟು ಪ್ರೆಶರ್ ಸಾಲಲ್ಲ (ಅಂಗಡಿಯೋನು ಟ್ಯಾಂಕ್ ಎಷ್ಟೆತ್ತರ ಅಂತ ಕೇಳ್ಲೇ ಇಲ್ಲ).

ಮೊದ್ಲು ವಾಲ್ವ್ ಆದ್ಮೇಲೆ 120 ಮೆಶ್ ಫಿಲ್ಟರ್ (ಸಣ್ಣ ಕಣ್ಣಿನ ಜಾಲರಿ) ಕೂರಿಸಿ. ಆಮೇಲೆ ಪೈಪಿನ ಕೊನೇ ಕ್ಯಾಪ್ ಬಿಚ್ಚಿ ನೀರು ತಿಳಿ ಆಗೋವರೆಗೂ ಬಿಡಿ, ಬೋರ್ ನೀರಿನ ಬಿಳಿ ಪುಡಿ ಎಷ್ಟು ಬಂತು ಅಂದ್ರೆ ಬಕೆಟ್ ತಳ ಕಾಣ್ಲಿಲ್ಲ. ಅದಾದ್ಮೇಲೇ ತಿರುಗಿಸೋ ಸಾದಾ ಡ್ರಿಪ್ಪರ್ ಹಾಕ್ಬೇಕು, ಕೊನೇವು ಪೂರ್ತಿ ಓಪನ್ ಮಾಡಿ, ಟ್ಯಾಂಕ್ ಹತ್ರದವು ಕಾಲು ಸುತ್ತು ಮಾತ್ರ. ಒಂದೊಂದರ ಕೆಳಗೂ ಲೋಟ ಇಟ್ಟು 5 ನಿಮಿಷ ನೋಡಿ, ಎಲ್ಲಾ ಸಮ ಬರೋವರೆಗೂ ತಿರುಗಿಸ್ತಾ ಹೋಗಿ. ನನಗೆ ಹೀಗೆ ಮೂರು ಸಲ ಮಾಡ್ಬೇಕಾಯ್ತು.

ಈಗ ದಿನ ಬಿಟ್ಟು ದಿನ, ಬೆಳಿಗ್ಗೆ 6ಕ್ಕೆ 25 ನಿಮಿಷ. ಫಿಲ್ಟರ್ ಮಾತ್ರ ವಾರಕ್ಕೊಂದ್ಸಲ ತೊಳೀತೀನಿ.